ಯಾರೂ ಇಲ್ಲದ ಊರಿನ ನಡು ಓಣಿ

ನಮ್ಮ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವ ಹಾಗಿಲ್ಲ. ಬೈಬಲ್ಲಿಗೆ ಕ್ರೋಶಾದ ಹೊದಿಕೆ, ರೇಡಿಯೋಗೆ ಕ್ರೋಶಾದ ಹೊದಿಕೆ, ಕುಡಿಯುವ ನೀರಿನ ಗಡಿಗೆಯ ಬಾಯಿಗೆ ಅಂಚಿನ ಸುತ್ತ ಮಣಿ ಪೋಣಿಸಿದ ಕ್ರೋಶಾದ ದುಂಡು ಬಟ್ಟೆ. ಎಲ್ಲವನ್ನೂ ಹೆಣೆದವಳು ಅವ್ವ. ಈ ಬಳಗಕ್ಕೆ ಈಚೆಗೆ ಸೇರಿಕೊಂಡದ್ದು ವಿಡಿಯೋ ಗೇಮಿನ ಕಂಟ್ರೋಲರ್. ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳುಗಳಿಂದ ಆಡಿಸುವ ಆ ಕಪ್ಪು ಯಂತ್ರಕ್ಕೆ ಅವಳು ನೀಲಿ ದಾರದ ಚೀಲವೊಂದನ್ನು ಹೆಣೆದಿದ್ದಾಳೆ. ಆಟ ಮುಗಿದೊಡನೆ ಅದರೊಳಗೆ ಮಲಗಿಸಿ ಬಾಯಿಯ ದಾರ ಬಿಗಿಯುತ್ತಾಳೆ. ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ ನೌಕರಿಯುದ್ದಕ್ಕೂ ನರ್ಸಬಾಯಿಯಾಗಿ ಹೆರಿಗೆ ಮಾಡಿಸಿದ ಕೈ ಅದು, ಏನನ್ನೇ ಎತ್ತಿಕೊಂಡರೂ ಮೊದಲು ಅದರ ಕುತ್ತಿಗೆಗೆ ಆಸರೆ ಕೊಡುತ್ತದೆ.

ಎಪ್ಪತ್ತು ದಾಟಿದ ಹೆಂಗಸು ವಿಡಿಯೋ ಗೇಮ್ ಆಡುತ್ತಾಳೆಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ಮೈಲೂರಿನ ನಮ್ಮ ಓಣಿಯವರು ಎಂದೋ ನಕ್ಕು ಮುಗಿಸಿದ್ದಾರೆ. ನಾನೂ ನಕ್ಕವನೇ. ಬೀದರದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವ ನನಗೆ, ಇರುವ ಭೂಮಿಯನ್ನೇ ಮಕ್ಕಳ ತಲೆಗೆ ಇಳಿಸುವುದು ಕಷ್ಟವಾಗಿರುವಾಗ, ಮಗಳು ಸುವಾರ್ತಾ ಮೇಲಿನ ಕೋಣೆಯಲ್ಲಿ ಕುಳಿತು ಇಲ್ಲದ ಭೂಮಿಯನ್ನು ಮಾಡುತ್ತಾಳೆಂಬುದು ಬಹಳ ದಿನ ಹಿಡಿಸಿರಲಿಲ್ಲ. ಅವಳದು ವಿಡಿಯೋ ಗೇಮುಗಳಿಗೆ ಗುಡ್ಡ, ಹೊಳೆ, ಊರು, ದಾರಿಗಳನ್ನು ಕಟ್ಟಿಕೊಡುವ ಕೆಲಸ. ಚರ್ಚಿನ ಅಂಗಳದಲ್ಲಿ ಯಾರಾದರೂ ಮಗಳೇನು ಮಾಡುತ್ತಾಳೆಂದು ಕೇಳಿದರೆ ಕಂಪ್ಯೂಟರ್ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಗುಡ್ಡ ಮಾಡ್ತಾಳ್ರಿ ಎಂದರೆ ಯಾರು ನಂಬುತ್ತಾರೆ?

ಅವಳು ಮಾಡುವ ಬಗೆಯ ಆಟಕ್ಕೆ ಓಪನ್ ವರ್ಲ್ಡ್ ಎನ್ನುತ್ತಾರೆ. ಮುಕ್ತ ಜಗತ್ತು ಎಂದು ಕನ್ನಡಿಸಬಹುದು, ಆದರೆ ಹಾಗೆಂದ ಕೂಡಲೇ ಸಮ್ಮೇಳನದ ಗೋಷ್ಠಿಯ ಹೆಸರಿನಂತೆ ಕೇಳಿಸುತ್ತದೆ. ಹಳೆಯ ಆಟಗಳಲ್ಲಿ ಮುಂದೆ ಹೋಗುವುದೊಂದೇ ದಾರಿ. ಇವುಗಳಲ್ಲಿ ಹಾಗಲ್ಲ, ದೂರದಲ್ಲಿ ಕಂಡ ಗುಡ್ಡವನ್ನು ಹತ್ತಬಹುದು, ಹತ್ತದೆ ಹೊಳೆಯ ದಂಡೆಗೆ ಕುಳಿತಿರಲೂಬಹುದು. ನಮ್ಮ ಜಗತ್ತು ಎಷ್ಟು ದೊಡ್ಡದು ನೋಡಿ ಎಂದು ಈ ಆಟ ಮಾಡುವವರು ಒಬ್ಬರಿಗಿಂತ ಒಬ್ಬರು ಜಂಬ ಕೊಚ್ಚಿಕೊಳ್ಳುತ್ತಾರಂತೆ. ಸುವಾರ್ತೆಗೆ ಅದನ್ನು ಕಂಡರೆ ಆಗದು. "ದೊಡ್ಡದ ಮಾಡೂದೇನ್ ದೊಡ್ಡ ಮಾತಲ್ಲ ಪಪ್ಪಾ. ಒಳಗ ಹೋದಾಂವಗ ಏನ್ ಅನಸ್ತದ, ಅದು ಮುಖ್ಯ," ಎನ್ನುತ್ತಾಳೆ.

ಅವಳ ಮಾತನ್ನು ಪರೀಕ್ಷಿಸಲೆಂದು ನಾನೂ ಕೆಲವು ಆಟ ಆಡಿದೆ. ಹೆಚ್ಚಿನವುಗಳಲ್ಲಿ ನಕಾಶೆಯ ತುಂಬ ಗುರುತುಗಳು, ಇಲ್ಲಿ ಹೋಗು, ಅದನ್ನು ಎತ್ತಿಕೋ, ಇವನನ್ನು ಮಾತಾಡಿಸು. ಬೀದರ ಕೋಟೆಗೆ ಬಂದು ಗೈಡಿನ ಕೈಗೆ ಸಿಕ್ಕವನ ಪಾಡು. ಆದರೆ ಒಂದು ಆಟದಲ್ಲಿ ಸಂಜೆಯಾಗುತ್ತಲೇ ಅಂಗಡಿಯವನೊಬ್ಬ ನಾನಿನ್ನೂ ಎದುರಿಗೆ ನಿಂತಿರುವಾಗಲೇ ಬಾಗಿಲು ಹಾಕಿ ನಡೆದುಬಿಟ್ಟ. ನಾನು ಹಿಂದೆಯೇ ಹೋದೆ. ಅವನು ತಿರುಗಿ ನೋಡಲಿಲ್ಲ, ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತ. ಅವನಿಗೆ ನನ್ನಿಂದ ಏನೂ ಬೇಕಿರಲಿಲ್ಲ. ನಾನು ಬೆರಗಾದೆ. ನಾನು ಇಲ್ಲದಿದ್ದರೂ ನಡೆಯುವ ಜಗತ್ತು, ಅದೇ ಇವುಗಳ ಹೊಸತನ ಎಂದು ಅಂದು ತೀರ್ಮಾನಿಸಿ ಮಗಳಿಗೂ ಹೇಳಿದೆ.

ಈ ಆಟಗಳಲ್ಲಿ ನನ್ನನ್ನು ರೇಗಿಸುತ್ತಿದ್ದದ್ದು ಇನ್ನೊಂದು ಸಂಗತಿ. ಎಷ್ಟು ಮುಕ್ತವೆಂದರೂ ಜಗತ್ತಿಗೆ ಎಲ್ಲೋ ಒಂದು ಕಡೆ ಕೊನೆ ಇರಲೇಬೇಕಲ್ಲ. ಅಲ್ಲಿ ಒಂದು ಕಾಣದ ಗೋಡೆ ಇಟ್ಟಿರುತ್ತಾರೆ. ಆಚೆ ಹುಲ್ಲು, ಗಿಡ, ಗುಡ್ಡ ಎಲ್ಲ ಕಾಣುತ್ತಿರುತ್ತದೆ, ನಮ್ಮ ಮನುಷ್ಯ ಮಾತ್ರ ನಿಂತಲ್ಲೇ ಕಾಲು ಆಡಿಸುತ್ತಿರುತ್ತಾನೆ. ಕೆಲಸಗಳ್ಳರು ಹಾಗೆ ಮಾಡುತ್ತಾರೆ, ನಾನಾದರೆ ಅಲ್ಲೊಂದು ಹೊಳೆಯನ್ನೋ ಕಣಿವೆಯನ್ನೋ ಇಡುತ್ತೇನೆ, ತಡೆಯುವುದು ಏನೆಂದು ಕಣ್ಣಿಗೆ ಕಾಣಬೇಕು, ಇದು ಸುವಾರ್ತೆಯ ಪಟ್ಟು. ಆ ಪಟ್ಟಿಗೂ ಅವ್ವನಿಗೂ ಮುಂದೆ ಗಂಟು ಬೀಳುತ್ತದೆಂದು ನಮಗೆ ತಿಳಿದಿರಲಿಲ್ಲ.

ಅವ್ವನಿಗೆ ಗ್ಲಾಕೋಮಾ ಎಂದು ಕಣ್ಣಿನ ಡಾಕ್ಟರು ಹೇಳಿದರು. ನೋಟ ಅಂಚಿನಿಂದ ಕತ್ತಲಾಗುತ್ತ ನಡುವಿಗೆ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕಿಕೊಂಡು ಉಳಿದದ್ದನ್ನು ಕಾಯಬೇಕು. ಅವ್ವ ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಮೊಮ್ಮಗಳನ್ನು ಕರೆದು ಕೂರಿಸಿಕೊಂಡಳು. "ನೀ ಊರ ಮಾಡ್ತೀ ಅಂತಲ್ಲ. ನನಗ ನನ್ನ ಊರ ಮಾಡಿ ಕೊಡು. ಕಣ್ಣ ಹೋಗೂದ್ರೊಳಗ ಒಮ್ಮಿ ಎಲ್ಲಾ ಅಡ್ಡಾಡಿ ನೋಡ್ತೇನಿ. ಊರ ಪೂರಾ ನೋಡೇ ಇಲ್ಲ ನಾ." ಕೊನೆಯ ಮಾತನ್ನು ನಾವಿಬ್ಬರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವ್ವನ ಊರು ಭಾಲ್ಕಿ ತಾಲ್ಲೂಕಿನದು. ಹೆಸರು ಹೇಳುವುದಿಲ್ಲ, ಹೇಳಿದರೂ ನೀವು ಹೋಗಲಾರಿರಿ. ಕಾರಂಜಾ ಹೊಳೆಗೆ ಅಣೆಕಟ್ಟು ಬಂದಾಗ ಅದು ನೀರಿನ ಕೆಳಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಗೋಡೆಯ ಕಲ್ಲುಗಳು ಕಾಣುತ್ತವೆಂದು ಕೆಲವರು ಆಣೆ ಹಾಕುತ್ತಾರೆ, ಕೆಸರಿನ ಹೊರತು ಏನೂ ಇಲ್ಲವೆಂದು ಇನ್ನು ಕೆಲವರು. ಸುವಾರ್ತಾ ಅಜ್ಜಿ ಹೇಳಿದ್ದನ್ನು ಕೇಳಿ ಕೇಳಿ ಒಂದೊಂದನ್ನೇ ಪರದೆಯ ಮೇಲೆ ಎಬ್ಬಿಸತೊಡಗಿದಳು. ಮೊದಲು ಕಮಠಾಣದ ನಮ್ಮ ನೆಂಟರ ಹೊಲದ ಕೆಂಪು ಮಣ್ಣಿನ ಫೋಟೋ ತೆಗೆದು ನೆಲಕ್ಕೆ ಹಾಸಿದ್ದಳು. ಅವ್ವ ನೋಡಿದವಳೇ "ಇದು ನಮ್ಮ ಮಣ್ಣಲ್ಲ" ಎಂದು ಮುಖ ತಿರುಗಿಸಿದಳು. ಆ ಮೇಲೆ ಭಾಲ್ಕಿಯ ಕರಿ ಎರೆಮಣ್ಣು ಬಂತು. ಜಾಲಿಯ ಬೇಲಿ, ಹಳ್ಳ, ಹುಣಸೆಗಿಡ, ಮಿಷನ್ನಿನವರ ಹಂಚಿನ ಪ್ರಾರ್ಥನಾಲಯ, ಸವುಳು ನೀರಿನ ಬಾವಿ, ಶಾಲೆಯ ಹೊರಪಡಸಾಲೆ, ಎಲ್ಲ ಬಂದವು. ಆದರೆ ಎಲ್ಲವನ್ನೂ ಇಟ್ಟು ಮೇಲಿನಿಂದ ನೋಡಿದರೆ ಊರು ಬಳೆಯ ಆಕಾರದಲ್ಲಿತ್ತು, ನಡುವೆ ಏನೂ ಇರಲಿಲ್ಲ. ನಡುವೆ ಏನಿತ್ತು ಎಂದು ಕೇಳಿದರೆ ಅವ್ವ "ಊರ ಇತ್ತು" ಎಂದಷ್ಟೇ ಹೇಳಿ ಕ್ರೋಶಾದ ಕಡ್ಡಿ ಎತ್ತಿಕೊಳ್ಳುತ್ತಿದ್ದಳು.

ಆ ನಡುವನ್ನು ತುಂಬಲು ನಾನು ಹುಡುಕಿ ತಂದದ್ದು ಮಾಧವರಾಯರನ್ನು. ಅವ್ವನ ವಾರಿಗೆಯವರು, ಅದೇ ಊರಿನ ದೊಡ್ಡ ಮನೆತನದವರು. ಊರು ಮುಳುಗಿದ ಮೇಲೆ ಔರಾದ ತಾಲ್ಲೂಕಿನ ಎಕಂಬಾದಲ್ಲಿ ಹೊಲ ಮಾಡಿಕೊಂಡು ನೆಲೆಸಿದವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಬಸ್ಸಿನಲ್ಲಿ ಬಂದಿಳಿದು, ಬಿಳಿ ಟೋಪಿ ತೊಡೆಯ ಮೇಲಿಟ್ಟುಕೊಂಡು, ಸಕ್ಕರೆ ಕಾಯಿಲೆ ಎಂದು ಚಹಾ ಬೇಡವೆಂದರು. ನನ್ನ ಹೆಂಡತಿ ಸಕ್ಕರೆ ಇಲ್ಲದ್ದನ್ನೇ ತಂದಿಟ್ಟಾಗ ಕುಡಿದರು. ಅವರ ನೆನಪು ನೀರಿನಂತೆ ಹರಿಯಿತು. ಅಗಸಿ ಬಾಗಿಲಿನಿಂದ ಹನುಮಂತನ ಗುಡಿಯ ತನಕ ಸೀದಾ ನಡು ಓಣಿ, ಎರಡೂ ಕಡೆ ಕಟ್ಟೆಗಳು, ಚಾವಡಿ, ಬೇವಿನಗಿಡ, ಕೆತ್ತನೆಯ ಬಾಗಿಲಿನ ತಮ್ಮ ಮನೆ, ಅದರ ಕಟ್ಟೆಯ ಮೇಲೆ ಮುಂಜಾನೆಯಿಂದ ಊಟದ ಹೊತ್ತಿನವರೆಗೆ ಅಡಿಕೆ ಕತ್ತರಿಸುತ್ತ ಕುಳಿತಿರುತ್ತಿದ್ದ ತಮ್ಮ ತಂದೆ. ಸುವಾರ್ತಾ ಅವ್ವ ಹೇಳಿದ ಭಾಗವನ್ನು ಪರದೆಯ ಮೇಲೆ ತೋರಿಸಿದಾಗ ಮಾತ್ರ ಅವರು ಕನ್ನಡಕ ಸರಿಮಾಡಿಕೊಂಡು ತೊದಲಿದರು.

"ಈ ಕಡಿ ನನಗ ಗೊತ್ತಿಲ್ರಿ. ಇಲ್ಲಿ ಬರೇ ಜಾಲಿಗಿಡ ಇದ್ವಲ್ರಿ, ಸಿಸ್ಟರ್?"

"ನಮ್ಮ ಮನಿ ಇತ್ರಿ," ಎಂದಳು ಅವ್ವ.

ಹೀಗೆ ಇಬ್ಬರು ಅರ್ಧರ್ಧ ಊರನ್ನು ತಂದು ಕೊಟ್ಟರು, ಊರು ಪೂರ್ತಿಯಾಯಿತು. ಮನುಷ್ಯರನ್ನು ಮಾಡುವುದು ತನ್ನ ಕಸುಬಲ್ಲವೆಂದು ಸುವಾರ್ತಾ ಯಾರನ್ನೂ ಇಡಲಿಲ್ಲ, ಸಪ್ಪಳಗಳನ್ನು ಮಾತ್ರ ಇಟ್ಟಳು. ಅದು ಹೇಗಿತ್ತೆಂದು ನಿಮಗೆ ಹೇಳದೆ ಇರಲಾರೆ. ಸದಾ ಇಳಿಹೊತ್ತಿನ ಬಿಸಿಲು. ಬಾಗಿಲುಗಳು ಅರ್ಧ ತೆರೆದಿವೆ. ಒಳಗಿನಿಂದ ಬೀಸುಕಲ್ಲಿನ ಸದ್ದು ಬರುತ್ತದೆ, ಬೀಸುವವರಿಲ್ಲ. ಎತ್ತಿನ ಕೊರಳ ಗಂಟೆ ಕೇಳುತ್ತದೆ, ಎತ್ತಿಲ್ಲ. ನೀರಿನ ಕೆಳಗೆ ಹೋದ ಊರು ಹೀಗೇ ಇರಬಹುದು, ನಮ್ಮ ದಾರಿ ನೋಡದೆ ತನ್ನ ಪಾಡಿಗೆ ತಾನು ಬೀಸಿಕೊಳ್ಳುತ್ತ, ಎಂದು ನನಗೆ ಅನ್ನಿಸಿತು. ಅವ್ವ ಮೊದಲ ಸಲ ನೋಡಿದಾಗ ಕೇಳಿದ್ದು ಒಂದೇ ಮಾತು: "ಮಂದಿ ಎಲ್ಲಾ ಎಲ್ಲಿ ಹೋದ್ರು?"

ಆದಿತ್ಯವಾರ ಆರಾಧನೆ ಮುಗಿಸಿ ಊಟ ಮಾಡಿದ ಮೇಲೆ ಅವ್ವ ಆಟಕ್ಕೆ ಕೂರುವುದು ರೂಢಿಯಾಯಿತು. ಅವಳ ಹೆಬ್ಬೆರಳು ಬೇಗ ಪಳಗಿತು. ಹಳ್ಳದ ದಂಡೆಗೆ, ಹುಣಸೆಗಿಡದ ಕೆಳಗೆ, ಪ್ರಾರ್ಥನಾಲಯದ ಮೆಟ್ಟಿಲಿಗೆ ಸರಾಗವಾಗಿ ಹೋಗಿ ಬರುತ್ತಿದ್ದಳು. ನಡು ಓಣಿಯ ಬಾಯಿಗೆ ಬಂದಾಗ ಮಾತ್ರ ಪರದೆಯೊಳಗೆ ಅವಳು ನಡೆಸುವ ಹೆಂಗಸು ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತು ನಿಂತು, ಬಲಕ್ಕೆ ಹೊರಳಿ, ಜಾಲಿಯ ಬೇಲಿಯ ಗುಂಟ, ಹಳ್ಳ ಇಳಿದು ಹತ್ತಿ, ಊರನ್ನೆಲ್ಲ ಬಳಸಿ ಆ ಕಡೆ ಸೇರುತ್ತಿದ್ದಳು. ಸೀದಾ ಹೋದರೆ ಎರಡು ಉಸಿರಿನ ದಾರಿ. ನಡು ಓಣಿ ನೋಡಬೇಕೆಂದೇ ಕುಳಿತವಳು, ಪ್ರತಿ ಆದಿತ್ಯವಾರ ಅದರ ಬಾಯಿಯ ತನಕ ಬಂದು ತಿರುಗುತ್ತಿದ್ದಳು.

ಸುವಾರ್ತಾ ಇದನ್ನು ತನ್ನ ಕೆಲಸದ ದೋಷವೆಂದುಕೊಂಡಳು. ಓಣಿಯ ಬಾಯಲ್ಲಿ ತನಗೆ ಗೊತ್ತಿಲ್ಲದೆ ಕಾಣದ ಗೋಡೆಯೊಂದು ಉಳಿದುಬಿಟ್ಟಿದೆ, ಅಜ್ಜಿ ಅದಕ್ಕೆ ಬಡಿದು ತಿರುಗುತ್ತಿದ್ದಾಳೆ ಎಂದು ಅವಳ ಅನುಮಾನ. ಅಲ್ಲಿದ್ದ ಕಲ್ಲು ತೆಗೆದಳು, ನೆಲ ಸಮ ಮಾಡಿದಳು, ಓಣಿ ಅಗಲಿಸಿದಳು, ತಾನೇ ಹಿಂದೆ ಮುಂದೆ ನಡೆದು ನೋಡಿದಳು. ಎಲ್ಲೂ ತಡೆಯಿಲ್ಲ. ಕಡೆಗೆ ಸೋತು ಅಜ್ಜಿಯನ್ನೇ ಕೇಳಿದಳು.

"ಅಜ್ಜಿ, ಅಲ್ಲಿ ಏನರ ಅಡ್ಡ ಬರ್ತದೇನು?"

"ಏನಿಲ್ಲ ಯವ್ವಾ. ಚಂದ ಮಾಡೀದಿ," ಎಂದು ಅವ್ವ ಕಂಟ್ರೋಲರನ್ನು ಚೀಲಕ್ಕೆ ಹಾಕಿದಳು.

ನನಗೆ ಆಗಲೇ ಹೊಳೆಯಬೇಕಿತ್ತು ಎನ್ನುವಿರಿ. ಅವ್ವನ ಅಪ್ಪ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ ಎಂಬುದೂ, ಹೆಸರು ಬದಲಾಗಿ ಪ್ರಾರ್ಥನೆ ಬದಲಾದ ಮೇಲೂ ಮನೆ ಊರ ಹೊರಗಿನ ಕೇರಿಯಲ್ಲೇ ಉಳಿಯಿತು ಎಂಬುದೂ ನನಗೆ ಗೊತ್ತಿದ್ದದ್ದೇ. ಆದರೆ ಗೊತ್ತಿರುವುದು ಬೇರೆ, ಕಣ್ಣೆದುರಿಗೆ ಒಂದು ಬೊಂಬೆ ಅದನ್ನು ಮಾಡಿ ತೋರಿಸುವುದು ಬೇರೆ.

ಆ ಬೊಂಬೆಯ ವಿಷಯ ಹೀಗೆ. ಜಗತ್ತು ಸರಿಯಾಗಿದೆಯೇ ಎಂದು ನೋಡಲು ಸುವಾರ್ತಾ ತಾನೇ ತಾನಾಗಿ ನಡೆಯುವ ಒಂದು ಆಕೃತಿ ಮಾಡಿದ್ದಳು. ಬೂದಿ ಬಣ್ಣ, ಮುಖವಿಲ್ಲ. ಆಡಿದವರ ಹೆಜ್ಜೆಗಳನ್ನು ನೋಡಿ ನೋಡಿ ಅದು ನಡೆಯಲು ಕಲಿಯುತ್ತದೆ; ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಡೆದವಳು ಅವ್ವ. ಮಾಧವರಾಯರು ಎರಡನೆಯ ಸಲ ಬಂದಿದ್ದ ದಿನ, ನಾವೆಲ್ಲ ಊಟಕ್ಕೆ ಕುಳಿತಿದ್ದಾಗ, ಸುವಾರ್ತಾ ಅದನ್ನು ಊರೊಳಗೆ ಬಿಟ್ಟಳು. ಅದು ಹಳ್ಳದಿಂದ ಎದ್ದು ಬಂತು. ನಡು ಓಣಿಯ ಬಾಯಿಗೆ ಬಂದು ನಿಂತಿತು. ಯಾರೂ ಇಲ್ಲದ ಆ ಓಣಿಯ ಕಡೆ, ಇಲ್ಲದ ಮುಖವನ್ನು ಮಾಡಿ ಸ್ವಲ್ಪ ಹೊತ್ತು ನಿಂತು, ಬಲಕ್ಕೆ ಹೊರಳಿ ಬೇಲಿಯ ಗುಂಟ ಹೋಯಿತು. ಸುತ್ತಿ ಮತ್ತೆ ಬಂತು. ಮತ್ತೆ ನಿಂತಿತು. ಮತ್ತೆ ಹೊರಳಿತು. ನನ್ನ ಕೈಯಲ್ಲಿ ತುತ್ತು ಹಾಗೇ ಇತ್ತು.

ಅವ್ವ ತಾಟು ಪಕ್ಕಕ್ಕಿಟ್ಟು ಪರದೆಯ ಹತ್ತಿರ ಹೋಗಿ, ತನಗಿನ್ನೂ ಉಳಿದಿರುವ ನೋಟದೊಳಗೆ ಅದನ್ನು ತಂದುಕೊಂಡು ನೋಡಿದಳು.

"ಅಕಿ ಯಾರ ಸುವಾರ್ತಾ? ನಮ್ಮಕೀನೇ ಇದ್ದಂಗದಾಳ," ಎಂದಳು.

"ಅಜ್ಜಿ, ಅದು ಯಾಕ ತಿರಗ್ತದ? ಅಲ್ಲೇನೂ ಇಲ್ಲ!"

"ಅಲ್ಲಿ ನಾವು ಹೋಗ್ತಿರಲಿಲ್ಲ ಯವ್ವಾ. ಹೋಗಬಾರದಿತ್ತು. ಅಕೀಗೂ ಯಾರೋ ಹೇಳ್ಯಾರ."

ಸುವಾರ್ತಾ ನನ್ನ ಮುಖ ನೋಡಿದಳು. ಮಾಧವರಾಯರು ತಮ್ಮ ಪಾದ ನೋಡಿಕೊಳ್ಳುತ್ತಿದ್ದರು. ಸೀರೆ ಉಟ್ಟು ಕುಪ್ಪಸ ತೊಟ್ಟು, ಕೈಯಲ್ಲಿ ಔಷಧಿಯ ಪೆಟ್ಟಿಗೆ ಹಿಡಿದು, ಔರಾದ ಕಡೆಯ ಎಷ್ಟೋ ದೊಡ್ಡ ಮನೆಗಳ ಒಳಕೋಣೆಗೆ ಹೋಗಿ ಮಗುವನ್ನು ಬೆಳಕಿಗೆ ತಂದವಳು ಅವ್ವ. ತಾನು ಹುಟ್ಟಿದ ಊರಿನ ಓಣಿಯಲ್ಲಿ, ಆ ಊರು ನೀರುಪಾಲಾದ ಮೇಲೆ, ಒಂದು ಟೀವಿಯ ಪರದೆಯೊಳಗೂ, ಅವಳ ಹೆಬ್ಬೆರಳು ಮುಂದೆ ಹೋಗುತ್ತಿರಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ ಎದ್ದು ಹೋಗಿ ಕೈ ತೊಳೆದೆ.

ಮುಕ್ತ ಜಗತ್ತಿನ ಹೊಸತನದ ಬಗ್ಗೆ ನಾನು ಮಾಡಿದ್ದ ತೀರ್ಮಾನ ಆವತ್ತು ಬಿದ್ದುಹೋಯಿತು. ನಾನಿಲ್ಲದೆಯೂ ನಡೆಯುವ ಜಗತ್ತು ಎಂದು ಬೆರಗಾಗಿದ್ದೆನಲ್ಲ, ಅವ್ವ ಹುಟ್ಟಿದ್ದೇ ಅಂಥ ಜಗತ್ತಿನಲ್ಲಿ. ಅವಳಿಗೆ ಅದರಲ್ಲಿ ಹೊಸದೇನಿತ್ತು? ಎಲ್ಲಿ ಬೇಕಾದರೂ ಹೋಗು ಎಂದು ನೆಲ ಹೇಳಿದರೆ ಸಾಲದು, ಕಾಲಿಗೂ ಅದು ಕೇಳಿಸಬೇಕು. ಆಡುವವನು ಬರಿಗೈಯಲ್ಲಿ ಬರುತ್ತಾನೆ ಎಂದುಕೊಂಡೇ ಈ ಆಟಗಳನ್ನೆಲ್ಲ ಕಟ್ಟಿರುತ್ತಾರೆ. ನಾವು ಯಾರೂ ಹಾಗೆ ಬರುವುದಿಲ್ಲ. ನೀವು ನಿಮ್ಮ ಊರಿನಲ್ಲಿ ಎಂದೂ ಕಾಲಿಡದ ಒಂದು ಓಣಿಯನ್ನು ನೆನೆಸಿಕೊಳ್ಳಿ. ಯಾಕೆ ಹೋಗಿಲ್ಲವೆಂದು ಕೇಳಿದರೆ ಅಲ್ಲಿ ಕೆಲಸವಿರಲಿಲ್ಲ ಎನ್ನುತ್ತೀರಿ, ನಾನೂ ಹಾಗೇ ಹೇಳುತ್ತೇನೆ.

ಸುವಾರ್ತಾ ಒಂದು ವಾರ ಮಂಕಾಗಿದ್ದಳು. ಆಮೇಲೆ ಅಜ್ಜಿಯ ಪಕ್ಕ ಕುಳಿತು ಪುಸಲಾಯಿಸಿದಳು. "ಈಗ ಅಲ್ಲಿ ಯಾರೂ ಇಲ್ಲಲ್ಲ ಅಜ್ಜಿ. ಖಾಲಿ ಅದ. ಯಾರು ಏನಂತಾರ? ನಡಿ, ನಾ ನಿನ್ನ ಕೈ ಹಿಡೀತೇನಿ."

ಅವ್ವ ಅವಳ ಕೈಯನ್ನು ಮೆಲ್ಲಗೆ ಸರಿಸಿದಳು. "ಖಾಲಿ ಓಣ್ಯಾಗ ನಡದ್ರ ಏನ್ ಬಂತು? ಖಾಲಿ ಇದ್ದಾಗ ನಾಯೀನೂ ನಡೀತದ. ಮಂದೀನ ಇಡು. ಅವರವರ ಕಟ್ಟಿ ಮ್ಯಾಲ ಅವರವರನ ಕುಂಡ್ರಸು. ಆಮ್ಯಾಲ ನಡೀತೇನಿ."

"ಅವರು ಏನ್ ಮಾಡಬೇಕ ಅಜ್ಜಿ?"

"ಏನೂ ಬ್ಯಾಡ. ನೋಡ್ಲಿ."

ಯಾರು ಯಾರು ಎಲ್ಲಿ ಕುಳಿತಿರುತ್ತಿದ್ದರೆಂದು ಹೇಳಲು ಮಾಧವರಾಯರು ಮತ್ತೆ ಬರಬೇಕಾಯಿತು. ಬರಲಿಕ್ಕಿಲ್ಲವೆಂದುಕೊಂಡಿದ್ದೆ, ಬಂದರು. ಒಬ್ಬೊಬ್ಬರ ರುಮಾಲು, ಮೀಸೆ, ಕೂರುವ ಭಂಗಿ, ಎಲ್ಲ ಹೇಳಿದರು; ತಂದೆಯ ಸರದಿ ಬಂದಾಗ ದನಿ ಇಳಿಯಿತು, ಆದರೆ ಅಡಿಕೆ ಕತ್ತರಿಯನ್ನೂ ಬಿಡದೆ ಹೇಳಿದರು. ಸುವಾರ್ತೆಗೆ ಮನುಷ್ಯರ ಮುಖ ಮಾಡಲು ಬರುವುದಿಲ್ಲ, ನಾನು ಮೊದಲೇ ಹೇಳಿದೆ. ಅವಳು ಮಾಡಿದ ಮುಖಗಳು ಒದ್ದೆ ಮಣ್ಣಿನಲ್ಲಿ ಒತ್ತಿ ತೆಗೆದ ಹಾಗಿದ್ದವು. ಕಣ್ಣುಗಳನ್ನು ಮಾತ್ರ ಶ್ರದ್ಧೆಯಿಂದ ಮಾಡಿದ್ದಳು.

ಆ ಆದಿತ್ಯವಾರ ಮಧ್ಯಾಹ್ನ ಟೀವಿಯ ಮುಂದೆ ನಾವು ಐವರು ಕುಳಿತೆವು, ಅವ್ವ, ಸುವಾರ್ತಾ, ನನ್ನ ಹೆಂಡತಿ, ನಾನು, ಮಾಧವರಾಯರು. ಅವ್ವ ಕಣ್ಣಿಗೆ ಹನಿ ಹಾಕಿಸಿಕೊಂಡು, ಸೆರಗು ಸರಿಮಾಡಿಕೊಂಡು, ಕಂಟ್ರೋಲರ್ ಎತ್ತಿಕೊಂಡಳು. ಅವಳ ಹೆಂಗಸು ಓಣಿಯ ಬಾಯಿಗೆ ಬಂದು ನಿಂತಳು. ಎರಡೂ ಕಡೆಯ ಕಟ್ಟೆಗಳ ಮೇಲೆ ಜನ ಕುಳಿತಿದ್ದರು, ಮಿಸುಕುತ್ತಿರಲಿಲ್ಲ. ಬೀಸುಕಲ್ಲಿನ ಸದ್ದು ಬರುತ್ತಿತ್ತು. ಬೇಡ ಬಿಡವ್ವ ಎನ್ನಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಕಾಲಿಟ್ಟಳು.

ಮೊದಲ ಕಟ್ಟೆಯ ಮುದುಕನ ತಲೆ ಅವಳ ಕಡೆ ಹೊರಳಿತು. ಆ ಮನೆಯ ಬೀಸುಕಲ್ಲು ನಿಂತಿತು. ಎರಡನೆಯ ಕಟ್ಟೆಯವರ ತಲೆಗಳು ಹೊರಳಿದವು, ಆ ಮನೆಯ ಸದ್ದೂ ನಿಂತಿತು. ಅವಳು ಮುಂದೆ ಹೋದಂತೆ ಒಂದೊಂದೇ ಮನೆ ಸದ್ದಡಗುತ್ತ, ಕೊನೆಗೆ ಓಣಿಯಲ್ಲಿ ಉಳಿದದ್ದು ಅವಳ ಹೆಜ್ಜೆಯ ಸಪ್ಪಳ ಮಾತ್ರ. ಸತ್ತವರ ಮುಂದೆ ನಡೆಯುತ್ತಿದ್ದಾಳೆ ಎಂಬುದು ನನಗೆ ಆಗ ಮನಸ್ಸಿಗೆ ಬಂತು. ಅವರೆಲ್ಲ ಎಂದೋ ಮಣ್ಣಾದವರು, ಆ ಮಣ್ಣೂ ನೀರಿನ ಕೆಳಗೆ ಹೋದದ್ದು. ಆದರೂ ಅವರು ನೋಡುವುದನ್ನು ಬಿಟ್ಟಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು, ಮಗ್ಗುಲಲ್ಲಿದ್ದ ಹೆಂಡತಿಯ ಕೈ ಹುಡುಕಿದೆ.

ಅವ್ವ ಬೇಗ ನಡೆಯಲಿಲ್ಲ. ಬಾಗಿಲುಗಳನ್ನು ನೋಡಿದಳು, ಬೇವಿನಗಿಡ ನೋಡಿದಳು, ಚಾವಡಿಯ ಕಂಬ ನೋಡಿದಳು. ಗುಡಿಯ ಹತ್ತಿರ ಬರುವ ಮೊದಲು, ಮಾಧವರಾಯರ ಮನೆಯ ಕೆತ್ತನೆಯ ಬಾಗಿಲಿನ ಮುಂದೆ ನಿಂತಳು. ಅಡಿಕೆ ಕತ್ತರಿ ಹಿಡಿದ ಅವರ ತಂದೆ ತಲೆ ಎತ್ತಿ ನೋಡುತ್ತಿದ್ದರು.

"ಕುಂಡ್ರಾಕ ಯಾವ ಬಟನ್ನ ಒತ್ತಬೇಕ ಯವ್ವಾ?" ಎಂದಳು ಅವ್ವ.

ಸುವಾರ್ತಾ ತೋರಿಸಿದಳು. ಅವಳ ಹೆಂಗಸು ಕಟ್ಟೆಯ ಮೇಲೆ, ಆ ಮುದುಕನ ಪಕ್ಕದಲ್ಲಿ, ಕಾಲು ಇಳಿಬಿಟ್ಟು ಕುಳಿತಳು. ಮುದುಕ ತಿರುಗಿ ಅವಳನ್ನು ನೋಡಿದ, ನೋಡುತ್ತಲೇ ಇದ್ದ. ಮಾಧವರಾಯರ ಕಣ್ಣು ತುಂಬಿದ್ದವು. ಅವರು ಟೋಪಿಯನ್ನು ಮುದ್ದೆ ಮಾಡಿ ಹಿಡಿದುಕೊಂಡಿದ್ದರು.

"ಖರೇ ಮಾಡಬೇಕಂದ್ರ ಇದು ಹಿಂಗಲ್ಲ ತಂಗಿ," ಎಂದರು ಸುವಾರ್ತೆಗೆ. "ನಮ್ಮಪ್ಪ ಕುಂತಿರತಿರಲಿಲ್ಲ. ಎದ್ದು ಒಳಗ ಹೋಗ್ತಿದ್ದ. ಹೋಗಿ ಬಾಗ್ಲಾ ಹಾಕ್ಕೋತಿದ್ದ."

ಸುವಾರ್ತಾ ಅಜ್ಜಿಯ ಕಡೆ ನೋಡಿದಳು. ಅವ್ವ ಪರದೆಯಿಂದ ಕಣ್ಣು ಕೀಳಲಿಲ್ಲ.

"ಹೋಗ್ಲಿ ಬಿಡ್ರಿ ಮಾಧವರಾವ್ರ," ಎಂದಳು. "ನಾ ಕುಂತೇ ಇರ್ತೇನಿ."